ದೇವರು ಸತ್ತ ಶನಿವಾರ

ನಮ್ಮ ಬೆಟ್ಟದೂರು ಕೋಚಪಾತದಲ್ಲಿ ವರ್ಷಕ್ಕೊಮ್ಮೆ ದೇವರು ಸಾಯುತ್ತಾನೆ. ಅದಕ್ಕೆ ಊರಿನವರ ತಕರಾರೇನೂ ಇಲ್ಲ. ಶುಭ ಶುಕ್ರವಾರದ ಮಧ್ಯಾಹ್ನ ತಲೆಗೆ ಬಿಳಿ ಬಟ್ಟೆ ಕಟ್ಟಿದ ನಾಲ್ವರು ಗಂಡಸರು ಏಣಿ ಹತ್ತುತ್ತಾರೆ. ಶಿಲುಬೆಯ ಮೇಲಿನ ಮರದ ಯೇಸುವಿನ ಮೊಳೆಗಳನ್ನು ಕಿತ್ತು, ಕೀಲಿರುವ ತೋಳುಗಳನ್ನು ಮೆಲ್ಲಗೆ ಮಡಿಚಿ, ಕೆಳಗಿಳಿಸಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಾರೆ, ಆ ಅಳು ಸುಳ್ಳೂ ಅಲ್ಲ. ಆದರೆ ಅತ್ತು, ಮೂಗು ಒರೆಸಿಕೊಂಡು, ಚರ್ಚಿನ ಹೊಸ್ತಿಲು ದಾಟುವ ಹೊತ್ತಿಗೆ ಎಲ್ಲರ ಮುಖದಲ್ಲೂ ಒಂದು ಕಳೆ ಬಂದಿರುತ್ತದೆ. ಮೇಷ್ಟ್ರು ರಜೆ ಹಾಕಿದ ದಿನ ಶಾಲೆಯ ಮಕ್ಕಳ ಮುಖಕ್ಕೆ ಬರುವ ಕಳೆ ಅದು.

ಏಕೆಂದರೆ ದೇವರು ಸತ್ತಿದ್ದಾನೆ, ಸತ್ತವನಿಗೆ ಕಣ್ಣು ಕಾಣುವುದಿಲ್ಲ. ಭಾನುವಾರ ನಸುಕಿನಲ್ಲಿ ಗಂಟೆ ಬಾರಿಸಿ ಅವನು ಏಳುವವರೆಗೆ ಮಾಡಿದ್ದು ಯಾವುದೂ ಪಾಪವಲ್ಲ ಎಂದು ಈ ಬೆಟ್ಟಗಳ ಅಜ್ಜ ಮುತ್ತಜ್ಜಂದಿರು ತೀರ್ಮಾನಿಸಿಬಿಟ್ಟಿದ್ದಾರೆ. ಹಾಗಾಗಿ ಆ ರಾತ್ರಿ ಊರಿಗೆ ಊರೇ ಕಳ್ಳತನಕ್ಕೆ ಇಳಿಯುತ್ತದೆ. ಪಕ್ಕದವರ ಹೊಲದ ಎಳೇ ಜೋಳದ ತೆನೆ, ಹಿತ್ತಲಿನ ಕುಂಬಳಕಾಯಿ, ಗೂಡಿನ ಕೋಳಿ. ಹಾಗೆ ಕದ್ದದ್ದು ವರ್ಷವಿಡೀ ಅದೃಷ್ಟ ತರುತ್ತದಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇರೆ ಊರುಗಳಲ್ಲಿ ಇರಬಹುದು. ನಮ್ಮಲ್ಲಿ ಶನಿವಾರ ಬೆಳಿಗ್ಗೆ ಆ ಕಾಯಿಯನ್ನೇ ಹೆಗಲ ಮೇಲಿಟ್ಟುಕೊಂಡು ಚೌಕದಲ್ಲಿ ಒಂದು ಸುತ್ತು ಬರುತ್ತಾರೆ. ಭಾನುವಾರ ಗಂಟೆ ಬಿದ್ದಮೇಲೆ ಆ ಎರಡು ದಿನಗಳ ವಿಷಯವನ್ನು ಯಾರೂ ಎತ್ತುವಂತಿಲ್ಲ. ಎತ್ತಿದವರೇ ಕೆಟ್ಟವರು.

ಇದನ್ನು ಕಂಡರೆ ಮೈ ಉರಿದುಬೀಳುತ್ತಿದ್ದ ಒಬ್ಬಳೇ ಒಬ್ಬಳೆಂದರೆ ಮೆಲಿತೋನಾ. ಹೊಳೆಯ ಈಚೆ ಕಡೆ, ಊರಿನ ಕೊನೆಯ ಮನೆಯಲ್ಲಿದ್ದ ವಿಧವೆ. ನಾಲಿಗೆ ಖಾರವೆಂದು ಊರವರು ಅವಳನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕೇ ಮೇಲು, ಅದು ಮುಚ್ಚುವುದು ತನ್ನ ಕಣ್ಣನ್ನು ತಾನೆ, ಇವರು ದೇವರ ಕಣ್ಣು ಮುಚ್ಚಿಸಿ ಕುಡಿಯುವವರು ಎಂದು ಪ್ರತಿ ವರ್ಷ ಬೈಯುತ್ತಿದ್ದಳು. ಅವಳು ಒಂದು ತೆನೆಯನ್ನೂ ಕದ್ದವಳಲ್ಲ. ಅದನ್ನೂ ಪ್ರತಿ ವರ್ಷ ಹೇಳುತ್ತಿದ್ದಳು.

ಈ ವರ್ಷ ಅವಳ ಮಗಳು ದೆಲ್ಫಿನಾ ಕೂಸನ್ನೆತ್ತಿಕೊಂಡು ತವರಿಗೆ ಬಂದಿದ್ದಳು. ಗಂಡ ಕರಾವಳಿಯ ಹತ್ತಿ ಹೊಲಗಳಿಗೆ ದುಡಿಯಲು ಹೋಗಿದ್ದ. ಬಂದ ವಾರದಲ್ಲೇ ದೆಲ್ಫಿನಾಳಿಗೆ ಜ್ವರ ಹಿಡಿದು ಎದೆಹಾಲು ಬತ್ತಿಹೋಯಿತು. ಊರಿನ ಉಳಿದ ಹಸುಗಳೆಲ್ಲ ಮೇಲಿನ ಹುಲ್ಲುಗಾವಲಿನಲ್ಲಿದ್ದವು. ಮನೆಯ ಹಿಂದೆ ಕಟ್ಟಿದ್ದ ಮಚ್ಚೆಯ ಹಸು ಪಿಂತಾ ಒಂದೇ ಆ ಕೂಸಿಗೆ ಆಧಾರ. ಮೆಲಿತೋನಾ ಹಾಲಿಗೆ ನೀರು ಬೆರೆಸಿ, ಕಾಯಿಸಿ, ಆರಿಸಿ, ಚಿಂದಿಯ ತುದಿಯಲ್ಲಿ ಅದ್ದಿ ಕೂಸಿನ ಬಾಯಿಗಿಡುತ್ತಿದ್ದಳು. ಕೂಸು ಚೇತರಿಸಿಕೊಳ್ಳತೊಡಗಿತ್ತು.

ಶನಿವಾರ ಬೆಳಿಗ್ಗೆ ಅವಳು ಪಾತ್ರೆ ಹಿಡಿದು ಹಿತ್ತಲಿಗೆ ಹೋದಾಗ ಗೂಟ ಇತ್ತು, ಹಸು ಇರಲಿಲ್ಲ.

ಯಾರೋ ಹಗ್ಗ ಬಿಚ್ಚಿಕೊಂಡು ಹೋಗಿದ್ದರು. ರಾತ್ರಿ ನಾಯಿ ಬೊಗಳಿರಲಿಲ್ಲ. ಆ ಎರಡರ ಅರ್ಥವೇನೆಂದು ಯೋಚಿಸುವ ತಾಳ್ಮೆ ಅವಳಿಗಿದ್ದಿದ್ದರೆ ಅವಳನ್ನು ಮೆಣಸಿನಕಾಯಿ ಎಂದು ಯಾರು ಕರೆಯುತ್ತಿದ್ದರು? ಮಗಳಿಗೆ ಬಾರ್ಲಿ ಗಂಜಿ ಮಾಡಿಕೊಟ್ಟು, ಅದನ್ನೇ ಕೂಸಿಗೂ ಒಂದಿಷ್ಟು ನೆಕ್ಕಿಸು ಎಂದು ಹೇಳಿ, ಟೋಪಿ ತಲೆಗಿಟ್ಟುಕೊಂಡು ಚೌಕದ ಕಡೆ ನಡೆದಳು. ಹಿಂದಿನಿಂದ ಕೂಸು ಗಂಜಿ ಕಕ್ಕಿ ಅಳುವುದು ಬಹಳ ದೂರದವರೆಗೂ ಕೇಳಿಸುತ್ತಿತ್ತು.

ಚೌಕದಲ್ಲಿ ಜಾತ್ರೆಯೇ ನೆರೆದಿತ್ತು. ಕದ್ದ ತೆನೆ ಬೇಯಿಸಿಕೊಂಡು ತಿನ್ನುತ್ತಾ, ಯಾರು ಯಾರ ಬೇಲಿ ಹಾರಿದರು, ಯಾರ ಲಂಗ ಮುಳ್ಳಿಗೆ ಸಿಕ್ಕಿ ಹರಿಯಿತು ಎಂದು ಜನ ನಗುತ್ತಿದ್ದರು. ನನ್ನ ಹಸು ಯಾರು ಹೊಡೆದುಕೊಂಡು ಹೋದಿರಿ ಎಂದು ಮೆಲಿತೋನಾ ಕೂಗಿದಾಗ ಆ ನಗು ಜಾಸ್ತಿಯಾಯಿತೇ ಹೊರತು ನಿಲ್ಲಲಿಲ್ಲ. ಹಸು ಸಿಕ್ಕಿದವನ ಅದೃಷ್ಟವೇ ಅದೃಷ್ಟ, ನಮಗೆ ಬರೀ ಕೋಳಿ ಸಿಕ್ಕಿತು ಎಂದ ಒಬ್ಬ. ಇಷ್ಟು ವರ್ಷ ನಮ್ಮನ್ನು ಬೈದಿದ್ದಕ್ಕೆ ಬಡ್ಡಿ ಸಮೇತ ಬಂತು ನೋಡು ಎಂದಳು ಇನ್ನೊಬ್ಬಳು. ಕೂಸಿನ ಮಾತು ಹೇಳಿದಾಗ ಕೆಲವರ ಮುಖ ಸಣ್ಣದಾಯಿತು. ಆದರೂ ಯಾರೂ ತಿನ್ನುತ್ತಿದ್ದ ತೆನೆ ಕೆಳಗಿಡಲಿಲ್ಲ.

ಊರ ಯಜಮಾನ ಕಾಸಿಮಿರೋ ಚರ್ಚಿನ ಮೆಟ್ಟಿಲ ಮೇಲೆ ಕೂತು ಕೋಕಾ ಎಲೆ ಜಗಿಯುತ್ತಿದ್ದ. ಬೆಳ್ಳಿಕಟ್ಟಿನ ಕೋಲು ಹಿಡಿದು ನ್ಯಾಯ ಹೇಳುವವನು ಅವನೇ. ಮೆಲಿತೋನಾ ಅವನ ಮುಂದೆ ಹೋಗಿ ನಿಂತಳು.

"ಏನ್ ಮಾಡ್ಲವ್ವಾ," ಎಂದ ಕಾಸಿಮಿರೋ, ಖಾಲಿ ಕೈ ತೋರಿಸುತ್ತಾ. "ಕೋಲು ನಿನ್ನೇನೇ ಅವನ ಕಾಲ ಹತ್ರ ಇಟ್ಟುಬಿಟ್ಟೆ. ಅವನು ಏಳೋವರ್ಗೂ ನಾನೂ ನಿನ್ನಂಗೇ ಒಬ್ಬ."

"ಏಳೋವರ್ಗೂ ಕೂಸು ಅಳ್ತಾ ಇರ್ಲಾ?"

"ನಾಳೆ ಬೆಳಿಗ್ಗೆ ಕೇಳ್ಕೋ."

"ನಾಳೆ ಗಂಟೆ ಬಿದ್ಮೇಲೆ ಕೇಳೋ ಹಂಗಿಲ್ಲ ಅಂತ ನೀನೇ ತಾನೇ ಕೋಲು ಕುಟ್ಟಿ ಹೇಳೋನು?"

ಕಾಸಿಮಿರೋ ಇನ್ನೊಂದು ಎಲೆ ಬಾಯಿಗಿಟ್ಟ. "ಅದೂ ಖರೇನೇ ಬಿಡು," ಎಂದ.

ಮೆಲಿತೋನಾಳಿಗೆ ಸಿಟ್ಟು ನೆತ್ತಿಗೇರಿತು. ಯಜಮಾನನ ಎದುರು ಹೆಂಗಸು ದನಿ ಎತ್ತಬಾರದೆಂಬ ನೇಮವೂ ಕೋಲಿನ ಜೊತೆಗೇ ಮಲಗಿದೆ ಎಂದುಕೊಂಡಳೋ ಏನೋ, ಚೌಕಕ್ಕೆಲ್ಲ ಕೇಳುವಂತೆ ಹೇಳಿದಳು:

"ನಮ್ಮ ಪಾಪಕ್ಕೆ ಅವನು ಸತ್ತ ಅಂತ ನಿನ್ನೆ ಎದೆ ಬಡ್ಕೊಂಡ್ರಿ. ಇವತ್ತು ಅವನ ಸಾವನ್ನೇ ಪಾಪಕ್ಕೆ ರಜೆ ಮಾಡ್ಕೊಂಡಿದ್ದೀರಿ. ನಾಯಿಗಾದ್ರೂ ಯಜಮಾನ ಸತ್ರೆ ಒಂದಿನ ಅನ್ನ ಇಳಿಯಲ್ಲ."

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಆಡಿದವರಿಗೆ ತಾವೂ ಸರಿ ಅನ್ನಿಸಿಬಿಡುತ್ತದೆ. ಮೆಲಿತೋನಾ ಅಲ್ಲಿಂದ ಹೊರಟಾಗ ಅವಳ ನಡಿಗೆಯಲ್ಲಿ ಹಸು ಕಳೆದುಕೊಂಡವಳ ದುಃಖಕ್ಕಿಂತ ಹೆಚ್ಚಾಗಿ ಇಡೀ ಊರಿನಲ್ಲಿ ತಾನೊಬ್ಬಳೇ ಶುದ್ಧ ಎಂಬ ಬಿರುಸಿತ್ತು. ಅವಳ ತಟ್ಟೆಯಲ್ಲಿ ಹೆಗ್ಗಣ ಇನ್ನೂ ಬಿದ್ದಿರಲಿಲ್ಲ, ಅಷ್ಟೇ.

ಹಿತ್ತಲಿನಿಂದ ಹೊರಟ ಗೊರಸಿನ ಗುರುತು ಹೊಳೆಯವರೆಗೆ ಹೋಗಿ ಕಲ್ಲುಗಳಲ್ಲಿ ಮಾಯವಾಗಿತ್ತು. ಹೊಳೆ ದಾಟಿದರೆ ಮೊದಲು ಸಿಗುವುದು ನಿಕಾನೋರನ ಮನೆ. ಅಲ್ಲಿಗೆ ಮೆಲಿತೋನಾಳ ತನಿಖೆ ಮುಗಿಯಿತು. ಈಸ್ಟರ್ ಉಪವಾಸಕ್ಕೆ ಮುಂಚಿನ ಕಾರ್ನಿವಲ್ ಹಬ್ಬದಲ್ಲಿ ಆತ ಪಿಂತಾಳನ್ನು ಬೆಲೆಗೆ ಕೊಡು ಎಂದು ಕೇಳಿದ್ದ, ಅವಳು ಕೊಡುವುದಿಲ್ಲ ಎಂದಿದ್ದಳು. ಕುಡಿದ ಅಮಲಿನಲ್ಲಿ ಅವನು, ಇವತ್ತಲ್ಲ ನಾಳೆ ಅದು ನನ್ನ ಕೊಟ್ಟಿಗೆಗೇ ಬರುತ್ತೆ ನೋಡ್ತಿರು ಎಂದು ನಕ್ಕಿದ್ದ. ಈಗ ಅವನೇ ಬಿಳಿ ಬಟ್ಟೆ ಕಟ್ಟಿದ ನಾಲ್ವರಲ್ಲಿ ಒಬ್ಬ. ಉಪವಾಸದ ಕಾಲವಿಡೀ ಹೆಂಡ ಮುಟ್ಟದೆ, ಹೆಂಡತಿಯ ಪಕ್ಕ ಮಲಗದೆ ಶುದ್ಧವಾಗಿದ್ದವನು. ಯೇಸುವನ್ನು ಇಳಿಸಿದ ಕ್ಷಣದಿಂದ ಭಾನುವಾರದ ಗಂಟೆಯವರೆಗೆ ಆ ನಾಲ್ವರು ಪೆಟ್ಟಿಗೆಯ ಮೂಲೆಗಳಲ್ಲಿ ಪಾಳಿಯಲ್ಲಿ ಕಾವಲು ನಿಲ್ಲಬೇಕು, ಒಂದು ಮಾತೂ ಆಡಬಾರದು. ಶುದ್ಧ ಕಳ್ಳ, ಎಂದುಕೊಂಡಳು ಮೆಲಿತೋನಾ. ತನ್ನ ಕೈಯಾರೆ ದೇವರನ್ನು ಮಲಗಿಸಿದವನಿಗೆ ದೇವರು ಸತ್ತದ್ದು ಎಲ್ಲರಿಗಿಂತ ಖಾತ್ರಿ ತಾನೆ. ಪಾಳಿ ಬಿಟ್ಟ ಹೊತ್ತಿನಲ್ಲಿ ಬಂದು ಬಿಚ್ಚಿಕೊಂಡು ಹೋಗಿದ್ದಾನೆ.

ನಿಕಾನೋರನ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಹಬ್ಬದ ಅಡುಗೆಗೆಂದು ಚರ್ಚಿನ ಅಂಗಳಕ್ಕೆ ಹೋಗಿದ್ದಳು. ಮೆಲಿತೋನಾ ಕೊಟ್ಟಿಗೆ ನೋಡಿದಳು. ಕುರಿಗಳು, ಒಂದು ಕತ್ತೆ. ಹಸುವಿನ ಸುಳಿವಿಲ್ಲ. ಬೇರೆಯವರಾದರೆ ಇವನಲ್ಲವೇನೋ ಎಂದುಕೊಳ್ಳುತ್ತಿದ್ದರು. ಅವಳು, ಎಷ್ಟು ಜಾಣ ನೋಡು, ಕೊರಕಲಿನಲ್ಲೆಲ್ಲೋ ಬಚ್ಚಿಟ್ಟಿದ್ದಾನೆ ಎಂದುಕೊಂಡಳು. ಸಿಟ್ಟು ಸಾಕ್ಷಿಯನ್ನು ಹುಡುಕುವುದಿಲ್ಲ, ಹುಟ್ಟಿಸುತ್ತದೆ.

ಆಗ ಅವಳ ಕಣ್ಣಿಗೆ ಗುಡಾಣಗಳು ಬಿದ್ದವು.

ಸೂರಿನ ಕೆಳಗೆ ಸಾಲಾಗಿ ನಿಂತಿದ್ದವು, ಗರ್ಭಿಣಿಯರ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು. ನಿಕಾನೋರನ ಅಜ್ಜಿಯ ಕಾಲದವು. ಅಂಥ ಮಣ್ಣು, ಅಂಥ ಸುಡುವ ಕೈ ಈಗ ಯಾವ ಊರಲ್ಲೂ ಇಲ್ಲ. ಈ ವರ್ಷದ ಈಸ್ಟರ್ ಊಟ ಅವನ ಪಾಲಿನದು. ಮೊಳಕೆ ಜೋಳ ಅರೆದು, ಕುದಿಸಿ, ಇಡೀ ಊರಿಗಾಗುವಷ್ಟು ಚಿಚಾ ಹೆಂಡ ಹುಳಿ ಬರಲು ಇಟ್ಟಿದ್ದ. ಬಾಯಿಗೆ ಕಟ್ಟಿದ ಬಟ್ಟೆಯ ಅಂಚಿನಿಂದ ನೊರೆ ಉಕ್ಕುತ್ತಿತ್ತು, ಅಂಗಳವೆಲ್ಲ ಘಮಘಮ ಎನ್ನುತ್ತಿತ್ತು. ಒಬ್ಬ ಮನುಷ್ಯ ಊರಿಗೆ ಚಿಚಾ ಎರೆಯುವುದು ಬದುಕಿನಲ್ಲಿ ಒಂದೇ ಸಲ. ಆಮೇಲೆ ಸಾಯುವವರೆಗೂ ಅವನಿಗೆ ಸಭೆಯಲ್ಲಿ ಮುಂದಿನ ಸಾಲು.

ಮೆಲಿತೋನಾ ಪಕ್ಕದಲ್ಲಿದ್ದ ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಸುತ್ತ ನೋಡಿದಳು. ಆಮೇಲೆ, ಇದನ್ನು ಅವಳು ಮರೆಯುವಂತಿಲ್ಲ, ತಲೆಯೆತ್ತಿ ಮೇಲಕ್ಕೂ ನೋಡಿದಳು.

"ನೋಡ್ತಾ ಇಲ್ಲ ಅಲ್ವಾ?" ಎಂದಳು. "ಹಂಗಾದ್ರೆ ಸರಿ."

ಮೊದಲ ಗುಡಾಣ ಒಂದೇ ಏಟಿಗೆ ಬಾಯಿಬಿಟ್ಟಿತು. ಚಿಚಾ ಅವಳ ಲಂಗ ತೋಯಿಸಿ, ಕಾಲ ಬೆರಳುಗಳ ನಡುವೆ ಹರಿದು, ಅಂಗಳದಲ್ಲಿ ಕಾಲುವೆಯಾಯಿತು. ಎರಡನೆಯದನ್ನು ಕೂಸಿನ ಹೆಸರು ಹೇಳಿ ಒಡೆದಳು. ಅದರ ಮುಂದಿನದಕ್ಕೆ ಹೇಳಲು ಯಾವ ಹೆಸರೂ ಇರಲಿಲ್ಲ, ಸುಮ್ಮನೆ ಒಡೆದಳು. ಹಾಯ್ ಎನಿಸಿತು. ಅದನ್ನು ಮುಚ್ಚಿಡುವುದೇಕೆ? ಗಂಡ ಸತ್ತಮೇಲೆ ಅಷ್ಟು ಸುಖ ಅವಳ ಮೈಗೆ ಬಂದಿರಲಿಲ್ಲ. ಕೊನೆಯ ಗುಡಾಣದ ಹೊತ್ತಿಗೆ ಹಸುವೂ ನೆನಪಿರಲಿಲ್ಲ, ಕೂಸೂ ನೆನಪಿರಲಿಲ್ಲ. ಒಡೆಯುವುದೊಂದೇ ಇತ್ತು. ಎಲ್ಲಿಂದಲೋ ನಾಯಿಗಳು ಬಂದು ನೆಕ್ಕತೊಡಗಿದವು.

ಅವಳು ಮನೆಗೆ ಬಂದಾಗ ಹಿತ್ತಲಿನಲ್ಲಿ ಪಿಂತಾ ಮೆಲುಕು ಹಾಕುತ್ತಾ ನಿಂತಿತ್ತು.

ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಾಲು ಕರೆಯುತ್ತಿದ್ದವಳು ಫೋರ್ತುನಾತಾ. ಮೆಲಿತೋನಾಳ ಕೊಮಾದ್ರೆ. ದೆಲ್ಫಿನಾ ಕೂಸಾಗಿದ್ದಾಗ ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು. ನಮ್ಮಲ್ಲಿ ಆ ನಂಟು ಒಡಹುಟ್ಟಿದವರಿಗಿಂತ ಗಟ್ಟಿ. ನಿಕಾನೋರನ ಮನೆ ದಾಟಿ ಮುಂದೆ ಹೋದರೆ ಇವಳ ಮನೆ, ಅದೇ ಹೊಳೆ, ಅದೇ ಕಲ್ಲುಹಾದಿ. ಮನೆಯ ನಾಯಿ ಅವಳ ಕಾಲ ಬಳಿ ನಿಶ್ಚಿಂತೆಯಿಂದ ಮಲಗಿತ್ತು. ಒಳಗೆ ದೆಲ್ಫಿನಾಳ ಮಡಿಲಲ್ಲಿ ಕೂಸು ಚಿಂದಿಯ ತುದಿ ಚೀಪುತ್ತಿತ್ತು.

ಫೋರ್ತುನಾತಾ ಅಳುತ್ತಲೇ ಎಲ್ಲ ಹೇಳಿದಳು. ತನ್ನ ಹಸು ಎರಡು ವರ್ಷದಿಂದ ಗಬ್ಬವಾಗಿರಲಿಲ್ಲ. ದೇವರು ಸತ್ತ ರಾತ್ರಿ ಕರೆಯುವ ಹಸುವೊಂದನ್ನು ತಂದು ತನ್ನ ಕೊಟ್ಟಿಗೆಯಲ್ಲಿ ಕಟ್ಟಿದರೆ ಅದೃಷ್ಟ ಹತ್ತುತ್ತದೆಂದು ಯಾರೋ ಹೇಳಿದ್ದರು. ಬೆಳಿಗ್ಗೆಯೇ ಬಿಟ್ಟುಬರಬೇಕೆಂದಿದ್ದಳು. ಹಾಲು ಕರೆದಳು, ಹಬ್ಬಕ್ಕೆ ಚೀಸ್ ಮಾಡೋಣ ಅನ್ನಿಸಿತು, ಹೊತ್ತಾಯಿತು. ಹೊಳೆಯ ಹತ್ತಿರ ಯಾರೋ ಕೂಸಿನ ಮಾತು ಹೇಳಿದಾಗಲೇ ಹಸು ಹೊಡೆದುಕೊಂಡು ಓಡಿಬಂದದ್ದು.

"ನನ್ನ ಹಸುನೇ ಯಾಕೆ?" ಎಂದಳು ಮೆಲಿತೋನಾ. "ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?"

"ಹುಲ್ಲುಗಾವಲಿಗೆ ಹೋಗಿ ಬೇರೇರದ್ದು ತಂದ್ರೆ ಸಿಟ್ಟಾಗ್ತಾರಲ್ಲ ಕೊಮಾದ್ರೆ. ನೀನು ನನ್ನೋಳು. ನೀನಾದ್ರೆ ಸುಮ್ನಾಗ್ತೀಯ ಅಂದ್ಕೊಂಡೆ."

"ಕೂಸು?"

"ಕೂಸಿನ ನೆನಪೇ ಬರ್ಲಿಲ್ಲ. ಆ ರಾತ್ರಿ ಏನೂ ನೆನಪಾಗಲ್ಲ, ನಿಂಗೊತ್ತಿಲ್ಲ. ನೀನು ಯಾವತ್ತೂ ಬಂದೋಳಲ್ಲ."

ಎಂಥ ಮಾತು. ನಮ್ಮವರು ಎಂದು ನಂಬಿದವರನ್ನೇ ಸುಲಿಯುವುದು, ಏಕೆಂದರೆ ಅವರು ಸುಮ್ಮನಿರುತ್ತಾರೆ. ತಾನೇ ಜ್ಞಾನಸ್ನಾನಕ್ಕೆ ಎತ್ತಿಕೊಂಡವಳ ಕೂಸಿನ ಬಾಯಿಯ ಹಾಲು ಹೊಡೆದು ದೇವರ ಹಬ್ಬಕ್ಕೆ ಚೀಸ್ ಮಾಡುವುದು. ಬೆಳಿಗ್ಗೆಯಿಂದ ಮೆಲಿತೋನಾಳೊಳಗೆ ಕುದಿಯುತ್ತಿದ್ದುದೆಲ್ಲ ಈಗ ಸರಿಯಾದ ಬಾಗಿಲಿಗೆ ಬಂದಿತ್ತು. ನಿನ್ನೆ ಶಿಲುಬೆಯಿಂದ ಇಳಿಸಿದ ಯೇಸುವಿನ ಬಟ್ಟೆ ಒಗೆದ ಇದೇ ಕೈಯಲ್ಲೇ ಹಗ್ಗ ಬಿಚ್ಚಿದೆಯಲ್ಲ, ನೀನು ಹೆಂಗಸೇ ಎಂದು ಕೇಳಲು ಕೈ ಎತ್ತಿದಳು. ಎತ್ತಿದ ತನ್ನ ಕೈಯಿಂದಲೇ ಚಿಚಾದ ಹುಳಿ ವಾಸನೆ ಮೂಗಿಗೆ ಬಡಿಯಿತು.

ಫೋರ್ತುನಾತಾಳಿಗೂ ಬಡಿಯಿತು. ಅವಳು ಕೊಮಾದ್ರೆಯ ತೋಯ್ದ ಲಂಗವನ್ನು, ಅಂಚಿಗಂಟಿದ್ದ ಗುಡಾಣದ ಚೂರನ್ನು ನೋಡಿದಳು. ಊರಲ್ಲಿ ಯಾರ ಮನೆಯಲ್ಲಿ ಚಿಚಾ ಇತ್ತೆಂದು ಗೊತ್ತಿಲ್ಲದವರಿರಲಿಲ್ಲ. ಅವಳ ಅಳು ತಟ್ಟನೆ ನಿಂತಿತು. ಮುಖಕ್ಕೆ ಒಂದು ಬಗೆಯ ನೆಮ್ಮದಿ ಬಂತು, ತನ್ನ ಜೊತೆಗೆ ಇನ್ನೊಬ್ಬರು ಸಿಕ್ಕಿದಾಗ ಬರುವ ನೆಮ್ಮದಿ.

"ಯಾರಾದ್ರೂ ನೋಡಿದ್ರಾ?" ಎಂದು ಪಿಸುಗುಟ್ಟಿದಳು.

"ಇಲ್ಲ."

"ಮತ್ಯಾಕೆ ಹಂಗೆ ನಿಂತಿದ್ದೀ? ಇವತ್ತು ಶನಿವಾರ. ಲಂಗ ಬಿಚ್ಚಿ ಕೊಡು, ಹೊಳೇಲಿ ಅದ್ದಿ ತರ್ತೀನಿ. ನಾಳೆ ಗಂಟೆ ಬಿದ್ರೆ ಎಲ್ಲಾ ತೊಳ್ಕೊಂಡು ಹೋಯ್ತು. ನಂದೂ, ನಿಂದೂ."

ಎಷ್ಟು ಸುಲಭವಾಗಿತ್ತು. ನೀರು ಅಷ್ಟು ಹತ್ತಿರ ಇತ್ತು. ಮೆಲಿತೋನಾಳ ಕೈ ಲಂಗದ ಗಂಟಿನವರೆಗೆ ಹೋಯಿತು ಕೂಡ. ಹೋದದ್ದನ್ನು ನೋಡಿ ಅವಳಿಗೇ ಹೇಸಿಗೆಯಾಯಿತು. ಇಷ್ಟು ವರ್ಷ ಬೈದ ಬೈಗುಳವೆಲ್ಲ ತಿರುಗಿ ಬಂದು ಕೆನ್ನೆಗೆ ಹೊಡೆದಂತಾಯಿತು. ಸಿಟ್ಟಿನಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಕುಯ್ದದ್ದು ಬೇರೆಯವನ ಮೂಗು, ಅದೂ ತಪ್ಪೇ ಮಾಡದವನದು. ಅವಳು ಕೊಮಾದ್ರೆಯ ಕೈ ತಳ್ಳಿ, ಅದೇ ತೋಯ್ದ ಲಂಗದಲ್ಲೇ ಚರ್ಚಿನ ಕಡೆ ನಡೆದಳು.

ಬಿಸಿಲು ಇಳಿಯುತ್ತಿತ್ತು. ಒಳಗೆ ಮೇಣದ ಬತ್ತಿಗಳ ಹೊಗೆ, ಗೋಡೆಯುದ್ದಕ್ಕೂ ಜಪ ಮಾಡುತ್ತಿದ್ದ ಮುದುಕಿಯರು. ನಡುವೆ ಗಾಜಿನ ಪೆಟ್ಟಿಗೆ, ಕೊನೆಯ ರಾತ್ರಿಗೆ ಪಾಳಿಯಿಲ್ಲದ್ದರಿಂದ ಅದರ ನಾಲ್ಕು ಮೂಲೆಗಳಲ್ಲಿ ಬಿಳಿ ಬಟ್ಟೆ ಕಟ್ಟಿದ ನಾಲ್ವರೂ. ಕಾಲಿನ ಕಡೆ, ಯಜಮಾನನ ಕೋಲು ಮಲಗಿದ್ದ ಮೂಲೆಯಲ್ಲಿ ನಿಕಾನೋರ್. ಅವಳು ಅವನ ಮುಂದೆ ನಿಂತು ಹೇಳಬೇಕೆಂದು ಬಂದವಳು. ಅವನ ಮುಖ ನೋಡಿದಳು. ನಿದ್ದೆಗೆಟ್ಟು ಕೆಂಪಾದ ಕಣ್ಣು, ಒಣಗಿದ ತುಟಿ. ಬಾಯಿ ಬಿಡಲಾಗದವನ ಎದುರು ತಪ್ಪೊಪ್ಪಿಕೊಳ್ಳುವುದು ಇನ್ನೊಂದು ಕಳ್ಳತನ ಎನ್ನಿಸಿತು. ಅವಳು ತಿರುಗಿ ಗಾಜಿನ ಒಳಗೆ ಮಲಗಿದ್ದವನನ್ನು ನೋಡಿದಳು. ಆ ಸಿಟ್ಟಿನಲ್ಲಿ ಬೈಯಲು ಉಳಿದವನು ಅವನೊಬ್ಬನೇ.

"ಏಳು," ಎಂದಳು.

ಜಪ ನಿಂತಿತು.

"ಸಾಕು ಮಲಗಿದ್ದು. ನಾಳೆವರ್ಗೂ ಕಾಯೋಕೆ ನನ್ ಕೈಲಾಗಲ್ಲ. ಒಂದಿನ ನೀನಿಲ್ದಿದ್ರೆ ನಾವು ಇಷ್ಟೇ ಅಂತ ಬೆಳಿಗ್ಗೆ ಚೌಕದಲ್ಲಿ ನಿಂತು ಕೂಗ್ದೆ. ನಾವು ಅಂದ್ರೆ ಅವರು ಅಂದ್ಕೊಂಡಿದ್ದೆ. ಇವರಿಗೆಲ್ಲ ನೀನು ಬೇಕು, ನಂಗೇನೂ ಅಷ್ಟು ಅವಸರ ಇಲ್ಲ ಅಂದ್ಕೊಂಡಿದ್ದೆ. ಹಸು ಕದ್ದೋಳು ನನ್ನ ಕೊಮಾದ್ರೆ. ನಾನು ಹೋಗಿ ಒಡೆದಿದ್ದು ನಿಕಾನೋರನ ಗುಡಾಣ. ಒಂದೂ ಬಿಡಲಿಲ್ಲ. ಒಡೀವಾಗ ಮೇಲೆ ನೋಡ್ದೆ, ನೀನು ನೋಡ್ತಿಲ್ಲ ಅಂತ ಖುಷಿಪಟ್ಟೆ."

ನಿಕಾನೋರನ ಕೈಯ ಬತ್ತಿ ಓರೆಯಾಯಿತು. ಬಿಸಿ ಮೇಣ ಬೆರಳ ಮೇಲೆ ಸುರಿಯಿತು. ಅವನು ಕದಲಲಿಲ್ಲ.

"ನೋಡಿದ್ರೂ ಒಡೀತಿದ್ದೆ," ಎಂದಳು ಮೆಲಿತೋನಾ, ದನಿ ಇನ್ನಷ್ಟು ಏರಿಸಿ. "ಅದೇ ನನ್ನ ಸಂಕಟ. ಕಾವಲುಗಾರ ಸಾಲಲ್ಲ ನಮಗೆ. ಕಣ್ಣು ಬಿಟ್ಕೊಂಡು ಮೇಲೆ ಕೂತಿರೋನು ಬೇಡ. ಇಳಿದು ಬಂದು ಈ ಕೆಸರಿಂದ ಎತ್ತೋನು ಬೇಕು. ಹಂಗೆ ಬಂದೆ ಅಂತಾರಲ್ಲ ನೀನು? ಮತ್ತೆ ಯಾಕೆ ಮಲಗಿದ್ದೀಯ?"

ಮುದುಕಿಯರು ಬಂದು ಅವಳ ರಟ್ಟೆ ಹಿಡಿದರು. ಜ್ವರ ಮಗಳಿಂದ ತಾಯಿಗೆ ಹತ್ತಿದೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಅವಳನ್ನು ಹೊರಗೆ ಕರೆತಂದು ಬಿಟ್ಟರು. ಬಾಗಿಲಿನಿಂದ ತಿರುಗಿ ನೋಡಿದಾಗ ನಿಕಾನೋರ್ ಹಾಗೆಯೇ ನಿಂತಿದ್ದ. ಮಾತು ಆಡಬಾರದೆಂಬ ವ್ರತವನ್ನು ಅವನು ಮುರಿಯಲಿಲ್ಲ.

ಭಾನುವಾರ ನಸುಕಿಗೆ ಚೌಕದಲ್ಲಿ ಒಣಹುಲ್ಲಿನ ಬೆಂಕಿಗಳು ಎದ್ದವು. ಗಂಟೆ ಬಿತ್ತು. ಬಿಳಿಯ ಮೇಣದ ಹೂಗಳಿಂದ ಸಿಂಗರಿಸಿದ ಪಲ್ಲಕ್ಕಿಯಲ್ಲಿ, ಕೈ ಮೇಲೆತ್ತಿದ ಯೇಸು ಚರ್ಚಿನ ಬಾಗಿಲಿಗೆ ಬಂದ. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹೊತ್ತವರು ಪಲ್ಲಕ್ಕಿಯನ್ನು ಮೆಟ್ಟಿಲ ಮೇಲೆ ಇಳಿಸಿದರು, ಏಕೆಂದರೆ ಮೆರವಣಿಗೆ ಹೊರಡುವ ಮುಂಚೆ ಯಜಮಾನನ ಮಾತು ಆಗಬೇಕು. ಕಾಸಿಮಿರೋ ಕೋಲಿಗೆ ಮುತ್ತಿಟ್ಟು, ಮೂರು ಸಲ ಕುಟ್ಟಿ, ಅಪ್ಪ ಅಜ್ಜ ಹೇಳಿದ್ದನ್ನೇ ಹೇಳಿದ. ಅವನು ಎದ್ದ, ಸತ್ತ ದಿನಗಳದ್ದು ಸತ್ತುಹೋಯಿತು, ಇನ್ನು ಅದನ್ನು ಯಾರೂ ಎತ್ತಬಾರದು.

"ನಾನು ಎತ್ತುತೀನಿ," ಎಂದಳು ಮೆಲಿತೋನಾ. ಅದೇ ಲಂಗದಲ್ಲಿ ಮುಂದೆ ಬಂದು ನಿಂತಿದ್ದಳು. ನಿಕಾನೋರನ ಗುಡಾಣ ಒಡೆದವಳು ನಾನು, ಎಲ್ಲರ ಮುಂದೆ ಕೇಳಿ, ಶಿಕ್ಷೆ ಕೊಡಿ ಎಂದಳು.

ಊರವರಿಗೆ ಸುದ್ದಿ ಆಗಲೇ ಗೊತ್ತಿತ್ತು. ಗುಡಾಣದ ಚೂರುಗಳನ್ನು ನೋಡಿ ನಿಕಾನೋರನ ಹೆಂಡತಿ ಇಟ್ಟ ಕೂಗು ಹೊಳೆಯ ಎರಡೂ ದಂಡೆಗೆ ಕೇಳಿತ್ತು. ಆದರೂ ಜನರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಮುಜುಗರ. ಯಾರೋ ಹಿಂದಿನಿಂದ, ಹಬ್ಬ ಹಾಳು ಮಾಡಬೇಡ, ಕೂತ್ಕೋ ಎಂದರು. ಫೋರ್ತುನಾತಾ ಅವಳ ಶಾಲಿನ ತುದಿ ಹಿಡಿದು ಎಳೆದಳು. ಕಾಸಿಮಿರೋ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಚಿಚಾ ಜಾಸ್ತಿ ಹುಳಿ ಬಂದ್ರೆ ಗುಡಾಣ ತಾನಾಗೇ ಒಡೆಯೋದುಂಟು ಕಣವ್ವಾ," ಎಂದ. "ಏನೂ ಆಗಿಲ್ಲ. ಹೋಗು."

ಅವರ ಸಂಕಟ ಮೆಲಿತೋನಾಳಿಗೆ ಆಗ ಅರ್ಥವಾಯಿತು. ಅವಳು ಮಾಡಿದ್ದು ಪಾಪವೆಂದಾದರೆ ಇವರ ತೆನೆ, ಕೋಳಿ, ಕುಂಬಳಕಾಯಿ ಎಲ್ಲವೂ ಪಾಪವಾಗುತ್ತವೆ. ಅದಕ್ಕೆ ಒಬ್ಬನ ಬದುಕಿನ ಮಾನವನ್ನೇ ಹುಳಿ ಬಂದು ಒಡೆಯಿತು ಎಂದುಬಿಡುತ್ತಾರೆ. ನಿನ್ನೆ ಅವಳ ಹಸು ಇವರಿಗೆ ಏನೂ ಆಗಿರಲಿಲ್ಲ, ಇವತ್ತು ಅವಳ ತಪ್ಪೂ ಏನೂ ಆಗಲಿಲ್ಲ.

"ಏನೂ ಆಗಿಲ್ವಾ?" ಅವಳು ಪಲ್ಲಕ್ಕಿಯ ಕಡೆ ಕೈ ಚಾಚಿದಳು. "ಈ ಊರಲ್ಲಿ ಯಾರೂ ಏನೂ ಮಾಡಿಲ್ಲ ಅಂದ್ರೆ ಇವನು ಸತ್ತಿದ್ದು ಯಾರಿಗೋಸ್ಕರ? ಪಕ್ಕದೂರಿನೋರಿಗಾ? ಹೇಳಿ. ಯಾರಿಗೂ ಬೇಡ್ದೆ ಸುಮ್ಸುಮ್ನೆ ಸತ್ತನಾ?"

ಫೋರ್ತುನಾತಾ ಶಾಲಿನ ತುದಿಯನ್ನು ಕೈಬಿಟ್ಟಳು.

ಆಗ ನಿಕಾನೋರ್ ಮುಂದೆ ಬಂದ. ಪಲ್ಲಕ್ಕಿಯ ಮುಂದಿನ ದಂಡಿಗೆಯ ಬಳಿ ನಿಂತಿದ್ದವನು, ತಲೆಯ ಬಿಳಿ ಬಟ್ಟೆ ಬಿಚ್ಚಿ ಕೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದ. ಶುಕ್ರವಾರದಿಂದ ಆಡದೆ ಇದ್ದ ದನಿ ಒಡೆದು ಬಂತು.

"ಅವು ನಮ್ಮಜ್ಜಿ ಗುಡಾಣ," ಎಂದ. "ತಾನಾಗೇ ಒಡೀಲಿಲ್ಲ ಕಾಸಿಮಿರೋ ಮಾವ. ಇವಳು ಒಡೆದಳು." ಆಮೇಲೆ ಅವಳ ಕಡೆ ತಿರುಗಿದ. "ರಾತ್ರಿಯೆಲ್ಲ ಅವನ ಕಾಲ ಹತ್ರ ನಿಂತು ನಿನ್ನ ಕ್ಷಮಿಸೋಕೆ ನೋಡ್ದೆ. ಆಗ್ಲಿಲ್ಲ. ಕಲ್ಲೆತ್ತಿ ನಿನ್ನ ತಲೆ ಮೇಲೆ ಹಾಕೋದೇ ಕಣ್ಮುಂದೆ ಬರ್ತಿತ್ತು, ಅಲ್ಲೇ, ಅವನ ಪಕ್ಕದಲ್ಲೇ. ಅವನು ಕ್ಷಮಿಸ್ತಾನೋ ಏನೋ. ನನ್ ಕೈಲಿ ಆಗ್ತಿಲ್ಲ."

ಎರಡು ದಿನಗಳಲ್ಲಿ ಆದದ್ದನ್ನು ಆಯಿತು ಎಂದು ಒಪ್ಪಿಕೊಂಡ ಮೊದಲ ಮನುಷ್ಯ ಅವನು. ಮೆಲಿತೋನಾಳಿಗೆ ಅಳು ಒತ್ತರಿಸಿ ಬಂತು, ಆದರೆ ಅವಳು ಅಳುವವಳಲ್ಲ.

"ಹಂಗಾದ್ರೆ ನಿಂಗೂ ಅವನು ಬೇಕು," ಎಂದಳು.

ನಿಕಾನೋರ್ ಅವಳನ್ನು ದುರುಗುಟ್ಟಿ ನೋಡಿದ.

"ಬೇಕು," ಎಂದ, ಹಲ್ಲು ಕಚ್ಚಿಕೊಂಡೇ, ಮತ್ತು ಪಲ್ಲಕ್ಕಿಗೆ ಹೆಗಲು ಕೊಡಲು ಬಗ್ಗಿದ.